ದೇವಸ್ಥಾನದ ಹಿಂದಿನ ಗೋಡೆ

ಇಂಗ್ಲಿಷರ ನಾಡಿನ ಟೂಟಿಂಗಿನ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹೊಯ್ದ ಕುಂದಾಪುರದ ಸುಗಂಧಿಯನ್ನು ಗಿರಾಕಿಗಳು ಯಾರೂ ಕಂಡವರಲ್ಲ. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ಮನೆ ಹತ್ತಿರದ ಪುಟ್ಟ ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಸೇವೆಗೆ ಸೇರಿಕೊಂಡಳು. ಹಣೆಬರಹ ನೋಡಿ, ಅಲ್ಲೂ ಸಿಕ್ಕಿದ್ದು ಚಹಾದ ಕಪ್ಪು ತೊಳೆಯುವ ಕೆಲಸವೇ. ಆದರೆ ಈ ಸಲ ಅವಳು ಸುಮ್ಮನಿರಲಿಲ್ಲ. ತಾನೂ ಗೈಡ್ ಆಗಬೇಕು, ಐವತ್ತೆಂಟಕ್ಕಾದರೂ ತನ್ನ ಮಾತನ್ನು ನಾಲ್ಕು ಜನ ನಿಂತು ಕೇಳಬೇಕು ಎಂದು ಹಟ ಹಿಡಿದಳು.

ಪರೀಕ್ಷೆಗೆ ಕೊಟ್ಟದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ಪ್ರಾಚೀನ ಈಜಿಪ್ಟಿನ ದೇವಸ್ಥಾನದ ಮಾದರಿ. ಕೊಟ್ಟ ಕಾಗದವನ್ನು ತಿಂಗಳಿಡೀ ಉರು ಹೊಡೆದಳು. ನಡುವೆ ಸೂರ್ಯ ಹುಟ್ಟುವ ಎರಡು ಬೆಟ್ಟಗಳಂತೆ ಜೋಡಿ ಗೋಪುರ, ಬಯಲು ಅಂಗಳ, ಸೃಷ್ಟಿಯ ಮೊದಲ ಜೌಗಿನ ಜೊಂಡಿನಂತೆ ಕಂಬಗಳು. ಒಳಗೆ ಹೋದಷ್ಟೂ ನೆಲ ಏರಿ, ಸೂರು ತಗ್ಗಿ, ಬೆಳಕು ಸಣ್ಣಗಾಗಿ, ಕೊನೆಗೆ ಕತ್ತಲ ಗರ್ಭಗುಡಿ.

ಶನಿವಾರ ಹತ್ತು ಮಂದಿಯ ಎದುರು ನಿಂತದ್ದೇ ತಡ, ಎಲ್ಲ ಮರೆತುಹೋಯಿತು. ಬಾಯಿ ಹೊರಡಲಿಲ್ಲ, ಕಾಲು ಹೊರಟಿತು. ದೇವಸ್ಥಾನ ಕಂಡರೆ ಪ್ರದಕ್ಷಿಣೆ ಬರುವುದು ಆ ಕಾಲಿಗೆ ಚಿಕ್ಕಂದಿನ ಅಭ್ಯಾಸ. ಜನವೂ ಹಿಂದೆಯೇ ಬಂದರು. ಹಿಂದಿನ ಗೋಡೆಯಲ್ಲಿ ಸಾಲಾಗಿ ಕೆತ್ತಿದ ಕಿವಿಗಳನ್ನು ಕಂಡು ಸುಗಂಧಿ ನಿಂತಳು. ಕಾಗದದ ಕೊನೆಯ ಸಾಲೊಂದು ನೆನಪಾಯಿತು.

"ಒಳಗೆ ರಾಜ, ಪೂಜಾರಿ ಮಾತ್ರ," ಎಂದಳು ತನ್ನ ಅಡುಗೆಮನೆಯ ಇಂಗ್ಲಿಷಿನಲ್ಲಿ. "ನಮ್ಮಂಥವರು ಇಲ್ಲಿಗೆ ಬರುವುದು. ಗೋಡೆಯ ಆಚೆಗೇ ದೇವರು. ಕೇಳಿಸಲಿ ಎಂದು ಈ ಕಿವಿ."

"ಏನು ಹೇಳಿಕೊಳ್ಳುತ್ತಿದ್ದರು?" ಹಸಿರು ಕೋಟಿನ ಮುದುಕಿಯೊಬ್ಬಳು ಕೇಳಿದಳು.

"ಮಗಳಿಗೆ ಜ್ವರ, ಗಂಡನ ಕುಡಿತ, ಮಂಡಿ ನೋವು. ಮತ್ತೇನು ಹೇಳುತ್ತಾರೆ?"

ಪರೀಕ್ಷೆ ಮಾಡುತ್ತಿದ್ದ ಬೆಂಗಳೂರಿನ ಬೃಂದಾ ಆಮೇಲೆ ಅವಳನ್ನು ಪಕ್ಕಕ್ಕೆ ಕರೆದಳು. "ಸುಗಂಧಿಯವ್ರೇ, ಗೋಪುರ, ಕಂಬ, ಗರ್ಭಗುಡಿ ಎಲ್ಲಾ ಬಿಟ್ಬಿಟ್ರಿ. ಈ ಸಲ ಪಾಸ್ ಮಾಡೋಕಾಗಲ್ಲ."

"ಗೊತ್ತಾಯ್ತು ಬಿಡಿ. ಬಾಯಿಗೇ ಬರ್ಲಿಲ್ಲ, ಎಂತ ಮಾಡುದು?" ಎಂದ ಸುಗಂಧಿ, ತುಂಬಿದ ಕಣ್ಣು ತೋರಿಸಿಕೊಳ್ಳದೆ ಕಪ್ಪು ಎತ್ತಲು ಹೋದಳು.

ತಟ್ಟೆ ಹಿಡಿದು ಮರಳಿದಾಗ ಜನರೆಲ್ಲ ಹೋಗಿದ್ದರು. ಹಸಿರು ಕೋಟಿನ ಮುದುಕಿ ಮಾತ್ರ ಮಾದರಿಯ ಹಿಂಬದಿಯಲ್ಲಿ ಬಗ್ಗಿ, ಗಾಜಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಏನೋ ಪಿಸುಗುಡುತ್ತಿದ್ದಳು. ಬಾಗಿಲು ಹಾಕಬೇಕೆಂದು ಹೇಳಲು ಅತ್ತ ಹೊರಟ ಬೃಂದಾಳನ್ನು ಸುಗಂಧಿ ಕೈ ಅಡ್ಡ ಹಿಡಿದು ತಡೆದಳು.

"ನಿಲ್ಲಿ. ಅವರದ್ದು ಹೇಳಿ ಮುಗೀಲಿ."

ಬೃಂದಾ ನಿಂತಳು.