ಮೊಂಬಾಸಾದ ಹರಿವಾಣ

ಅಣ್ಣ ಕರೆದಾಗ ನಾನು ಅವನ ಜೊತೆ ಊಟಕ್ಕೆ ಕೂರಲಿಲ್ಲ. ಹೇಳಬೇಕಾದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನೆದರ್‌ಲ್ಯಾಂಡ್ಸಿನ ವೂರ್‌ಬರ್ಗ್‌ನ ನಮ್ಮ ಮನೆಯ ಬಾಗಿಲ ಬಳಿ, ಶೂಗಳ ಕೆಳಗೆ ಒಂದು ದೊಡ್ಡ ಅಲ್ಯೂಮಿನಿಯಂ ಹರಿವಾಣ ಇತ್ತು. ಮಳೆಯಲ್ಲಿ ತೊಯ್ದು ಬಂದ ಶೂಗಳ ನೀರು ನೆಲಕ್ಕೆ ಹರಿಯದಿರಲಿ ಎಂದು ನಾನೇ ಇಟ್ಟದ್ದು. ಹೋದ ತಿಂಗಳು ಅದನ್ನು ತೊಳೆಯಲು ಎತ್ತಿದೆ. ಕೆಸರು ಹೋದ ಮೇಲೆ ಅಂಚಿನ ಸುತ್ತ ಕೊರೆದ ಬಳ್ಳಿ ಕಾಣಿಸಿತು... ಅಣ್ಣ ಅದನ್ನು ಮೊಂಬಾಸಾದಿಂದ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ. ಅವನ ಉಡುಗೊರೆಗೆ ನಾನು ಕೊಟ್ಟ ಮರ್ಯಾದೆ ಅದು.

ಅಣ್ಣ ಮಲ್ಪೆಯಲ್ಲಿ ದೋಣಿ ಎಂಜಿನ್ ರಿಪೇರಿ ಕಲಿತವನು. ಅದೇ ಕೆಲಸ ಹಿಡಿದು ಮೊಂಬಾಸಾ ಬಂದರಿಗೆ ಹೋದ. ಆಫ್ರಿಕಾ ಎಂದರೆ ನಮ್ಮ ಮನೆಯಲ್ಲಿ ಮುಖ ಸಿಂಡರಿಸುತ್ತಿದ್ದರು. ನೆಂಟರ ಮಕ್ಕಳು ದುಬೈಗೆ ಹೋದರೆ ಹೆಮ್ಮೆಯಿಂದ ಹೇಳುವುದು. ಇವನ ಸುದ್ದಿ ಬಂದರೆ "ಹೊರಗೆಲ್ಲೋ ಇದ್ದಾನೆ" ಎಂದು ಮಾತು ತೇಲಿಸುವುದು. ಅಲ್ಲಿಯ ಸ್ವಾಹಿಲಿ ಹೆಂಗಸನ್ನೇ ಮದುವೆಯಾದ ಎಂದು ತಿಳಿದ ಮೇಲೆ ಅಷ್ಟನ್ನೂ ಹೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಅಡುಗೆಭಟ್ಟನಾಗಿದ್ದ ಗಂಡನ ಹಿಂದೆ ಇಲ್ಲಿಗೆ ಬಂದು ಇಳಿದವಳು, ನಾನೂ ಅವನನ್ನು ಕೀಳಾಗಿ ಕಂಡೆ. ಯುರೋಪಿನ ನಲ್ಲಿ ನೀರು ಕುಡಿದದ್ದೇ ನನ್ನ ದೊಡ್ಡಸ್ತಿಕೆ.

ಇಲ್ಲಿ ನಾನು ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಿದ್ದೆ. ಬೆಂಗಳೂರು, ಮೈಸೂರಿನಿಂದ ಬಂದ ಸಾಫ್ಟ್‌ವೇರ್ ಮನೆಗಳಿಗೆ ನನ್ನ ಹಿಟ್ಟೇ ಆಗಬೇಕು. "ಆಂಟಿ ಮನೇದು ತುಂಬಾ ಶುದ್ಧ" ಎನ್ನುತ್ತಿದ್ದರು. ನಾವು ಮೀನು ತಿಂದು ಬೆಳೆದವರು. ಅದನ್ನು ನಾನು ಅವರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಬಂಗುಡೆ ಹುರಿಯುವ ಆಸೆಯಾದರೆ ಕಿಟಕಿಯೆಲ್ಲ ತೆರೆದು, ಊದುಬತ್ತಿ ಹಚ್ಚಿ ಹುರಿಯುವುದು. ಅಂಥ ಶುದ್ಧ!

ಹಲವು ವರ್ಷಗಳ ಹಿಂದೆ ಒಮ್ಮೆ, ಎಂಜಿನ್ ನೋಡಿ ಬರಲೆಂದು ದೋಣಿಯ ಮಾಲೀಕರು ಅಣ್ಣನನ್ನು ರಾಟರ್‌ಡ್ಯಾಮಿಗೆ ಕಳಿಸಿದ್ದರು. ಹೆಂಡತಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದ. ಮಗಳು ಮೊಂಬಾಸಾದಲ್ಲೇ ಅಜ್ಜಿಯ ಮನೆಯಲ್ಲಿ ಉಳಿದಿದ್ದಳು. ಶನಿವಾರ ಬಂದವನು ಸೋಫಾದಲ್ಲಿ ಕಾಲು ಮಡಚಿ ಕೂತು ಊರಿನ ಕಥೆ ಶುರುಮಾಡಿದ. ಮೊಂಬಾಸಾ ಒಂದು ದ್ವೀಪವಂತೆ. ಒಂದು ಕಡೆ ಸೇತುವೆ. ಇನ್ನೊಂದು ಕಡೆ ಜನ, ಕೈಗಾಡಿ, ಲಾರಿ ಎಲ್ಲ ಒಂದೇ ಫೆರಿಯಲ್ಲಿ ದಾಟಬೇಕಂತೆ. ಸಮುದ್ರದ ದಡದ ಕೋಟೆಯನ್ನು ಪೋರ್ಚುಗೀಸರು ಕಟ್ಟಿದರು, ಓಮಾನಿನ ಅರಬರು ಕಿತ್ತುಕೊಂಡರು, ಕೊನೆಗೆ ಬ್ರಿಟಿಷರು ಜೈಲು ಮಾಡಿದರು. ಗಾಳಿ ತಿರುಗುವ ಕಾಲ ನೋಡಿ ನಮ್ಮ ಕಡೆಯ ಹಾಯಿ ಹಡಗುಗಳು ಹಿಂದೆ ಅಲ್ಲಿಗೆ ಹೋಗಿ ಬರುತ್ತಿದ್ದವಂತೆ. ಹಳೇ ಪೇಟೆಯ ಓಣಿ ಎಷ್ಟು ಸಪೂರವೆಂದರೆ ಈ ಮನೆಯ ಕಿಟಕಿಯಿಂದ ಆ ಮನೆಯವರೊಡನೆ ಪಿಸುಮಾತು ಆಡಬಹುದಂತೆ.

"ಅಲ್ಲಿ ಮರದ ಬಾಗಿಲಿನ ಕೆತ್ತನೆ ನೋಡಿದ್ರೆ ಮನೆಯವರ ಗತ್ತು ಗೊತ್ತಾಗ್ತದೆ. ಹರಿವಾಣ ನೋಡಿದ್ರೆ ಮನಸ್ಸು ಗೊತ್ತಾಗ್ತದೆ," ಎಂದ.

"ಈಗ ಅದೇ ಒಂದು ದೊಡ್ಡ ಊರಾ?" ಎಂದೆ ನಾನು.

ಅವನಿಗೆ ಬೇಜಾರಾಗಲಿಲ್ಲ. ನಕ್ಕ. "ನಮ್ಮ ಊರು ಸಮುದ್ರದ ನಡುವೆ ತಲೆ ಎತ್ತಿ ನಿಂತದ್ದು. ನಿಮ್ಮದು ಸಮುದ್ರಕ್ಕಿಂತ ತಗ್ಗಿನಲ್ಲಿ ಕೂತು ಮೇಲೆ ನೋಡ್ತದಲ್ಲ ಮಾರಾಯ್ತಿ!"

ಮಾರನೇ ದಿನ ಅವರಿಬ್ಬರೇ ಅಡುಗೆ ಮಾಡಿದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಹುಣಸೆಹುಳಿ ಹಾಕಿದ ಮೀನು. ಪರಿಮಳ ಥೇಟ್ ನಮ್ಮ ಅಮ್ಮನ ಅಡುಗೆಮನೆಯದು. ಒಪ್ಪಲು ನನಗೆ ಮನಸ್ಸಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿ, ನಡುವೆ ಹರಿವಾಣವಿಟ್ಟು, ಅನ್ನ ರಾಶಿ ಹಾಕಿದರು. ಅಲ್ಲಿ ಮನೆಯವರೆಲ್ಲ ಸುತ್ತ ಕೂತು ತಮ್ಮ ತಮ್ಮ ಬದಿಯಿಂದ ಒಂದೇ ಹರಿವಾಣದಲ್ಲಿ ಉಣ್ಣುವುದು. ಅದರಲ್ಲಿ ಕೈಯಿಟ್ಟವರು ಮನೆಯವರು ಎಂದು ಲೆಕ್ಕ. ಅಣ್ಣ ಹೆಂಡತಿಯನ್ನು ಜೊತೆಗೆ ಕರೆತಂದದ್ದೇ ಅದಕ್ಕೆ. ಅವನ ಹೆಂಡತಿಯನ್ನು ನಾನೊಮ್ಮೆ ಅತ್ತಿಗೆ ಎನ್ನಬೇಕಿತ್ತು, ಅಷ್ಟೇ.

"ಬಾರೇ ತಂಗಿ, ಕೂತ್ಕೋ. ಬಿಸಿ ಉಂಟು."

ಎಂಜಲು! ಮೊದಲು ತಲೆಗೆ ಬಂದದ್ದು ಅದೇ. ಅಷ್ಟರಲ್ಲಿ ಬೆಲ್ ಆಯಿತು. ಹಿಟ್ಟು ಒಯ್ಯಲು ಇಬ್ಬರು ಹೆಂಗಸರು ಬಂದಿದ್ದರು. ಮೀನಿನ ವಾಸನೆಗೆ ಒಬ್ಬಳ ಮೂಗು ಅರಳಿತು. ಇನ್ನೊಬ್ಬಳು ಇಣುಕಿದಳು.

"ಗೆಸ್ಟ್ ಬಂದಿದಾರಾ ಆಂಟಿ? ಅವರ್ಯಾರು, ಆ ಲೇಡಿ?"

"ಅಣ್ಣನ ಮನೆ ಕೆಲಸದವಳು. ಅವರದೇ ಅಡುಗೆ, ಅವರದೇ ಪಾತ್ರೆ. ನಮ್ಮದಕ್ಕೆ ಏನೂ ಮುಟ್ಟಿಸಿಲ್ಲ," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅತ್ತಿಗೆಗೆ ಕನ್ನಡ ಬಾರದೆಂದು ನನ್ನ ಎಣಿಕೆ. ಅಷ್ಟಕ್ಕೇ ನಿಲ್ಲಲಿಲ್ಲ. ಅವರಿಗೆ ಕಾಣುವ ಹಾಗೆ ಒಂದು ಕಾಗದದ ತಟ್ಟೆ ತಂದು ಅತ್ತಿಗೆಯ ಮುಂದಿಟ್ಟೆ. ನನ್ನ ಸ್ಟೀಲ್ ತಟ್ಟೆ ಹಿಡಿದು ಮೇಜಿನ ಬಳಿ ನಿಂತೆ. ಆ ಇಬ್ಬರು ಹೆಂಗಸರಿಗೆ ನನ್ನ ಮನೆಯಲ್ಲಿ ಯಾರು ಏನೆಂಬುದು ಮುಖ್ಯವೇ ಆಗಿರಲಿಲ್ಲ. ಡಬ್ಬ ಸೋರದಿದ್ದರೆ ಅವರಿಗೆ ಸಾಕಿತ್ತು.

ಅವರು ಹೋದ ಮೇಲೆ ಅಣ್ಣ ತಲೆ ಎತ್ತಿದ. "ಹಿಟ್ಟು ಖರ್ಚಾಯ್ತಲ್ಲ ತಂಗಿ. ಒಳ್ಳೇದಾಯ್ತು."

ಅತ್ತಿಗೆ ಕಾಗದದ ತಟ್ಟೆಯನ್ನು ಬದಿಗೆ ಸರಿಸಿದರು. ಮೀನಿನ ಮುಳ್ಳು ಬಿಡಿಸಿ ಅಣ್ಣನ ಬದಿಗೆ ಹಾಕಿದರು. ಅವನು ಉಂಡ. ನನ್ನ ಬದಿಯ ಅನ್ನ ಹಾಗೇ ಇತ್ತು... ಸಂಜೆ ಹೊರಡುವಾಗ ಹರಿವಾಣವನ್ನು ತೊಳೆದು ಒರೆಸಿ, ಒಲೆಯ ಪಕ್ಕ ಒರಗಿಸಿಟ್ಟು ಹೋದರು.

ಮತ್ತೆ ಅವನು ಬರಲಿಲ್ಲ. ಚೌತಿಗೆ ಫೋನು ಮಾಡುತ್ತಿದ್ದ. ಮಳೆ, ಎಂಜಿನ್, ಮಂಡಿನೋವು ಎಂದು ಮಾತಾಡುತ್ತಿದ್ದ. ಹೋದ ವರ್ಷ ದೋಣಿಯಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಾನು ಹೋಗಲಿಲ್ಲ. ವೀಸಾ, ಹಳದಿ ಜ್ವರದ ಚುಚ್ಚುಮದ್ದು ಎಂದು ನೆಪ ಹೇಳಿದೆ. ನಿಜವಾಗಿ, ಆ ಹೆಂಗಸಿನ ಮುಖ ನೋಡುವ ಧೈರ್ಯ ಇರಲಿಲ್ಲ.

ಈಗ ಅಣ್ಣನ ಮಗಳು ಇದೇ ದೇಶದ ಎನ್ಸ್‌ಕೆಡೆಯಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಅತ್ತಿಗೆ ಬಂದಿದ್ದಾರೆಂದು ತಿಳಿದದ್ದು ನಾನು ಹರಿವಾಣ ತೊಳೆದ ವಾರವೇ. ಅದನ್ನು ಟವೆಲಿನಲ್ಲಿ ಸುತ್ತಿ ಭಾನುವಾರ ರೈಲು ಹತ್ತಿದೆ. ನಡುದಾರಿಯಲ್ಲಿ ಯುಟ್ರೆಕ್ಟ್ ಬಂದಾಗ ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ತೊಡೆಯ ಮೇಲೆ ಅಷ್ಟಗಲದ ಹರಿವಾಣ ಇಟ್ಟುಕೊಂಡವಳಿಗೆ ಬೇಗ ಏಳಲಾಗುವುದಿಲ್ಲ, ಅದರಿಂದ ಉಳಿದೆ.

ಬಾಗಿಲು ತೆರೆದವರು ಅತ್ತಿಗೆ. ತಲೆ ನರೆತಿತ್ತು. ಟವೆಲ್ ಬಿಚ್ಚಿ ಹರಿವಾಣ ನೋಡಿದರು. ಒಳಗೆ ಒಯ್ದು ತೊಳೆದು, ಅನ್ನ ಬಡಿಸಿ, ನೆಲಕ್ಕೆ ಇಟ್ಟರು. ಅತ್ತಿಗೆ, ಅಣ್ಣನ ಮಗಳು, ನಾನು, ಹೀಗೆ ಮೂವರು. ಒಂದು ಬದಿ ಖಾಲಿ... ಅಲ್ಲಿಗೆ ಯಾರೂ ಸರಿಯಲಿಲ್ಲ.

"ಬಾರೇ, ಕೂತ್ಕೋ. ಬಿಸಿ ಉಂಟು," ಎಂದರು ಅತ್ತಿಗೆ. ಮಾತೂ ಅಣ್ಣನದೇ, ರಾಗವೂ ಅವನದೇ. ಅಂದರೆ ಆ ದಿನ ನಾನು ಬಾಗಿಲಲ್ಲಿ ಆಡಿದ್ದೂ ಅವರಿಗೆ ಅರ್ಥವಾಗಿತ್ತು.

ನಾನು ಅನ್ನಕ್ಕೆ ಕೈಯಿಟ್ಟೆ. ಎತ್ತಲಾಗಲಿಲ್ಲ.

"ತಪ್ಪಾಯ್ತು ಅತ್ತಿಗೆ," ಎಂದೆ. "ಅಣ್ಣ ಇರುವಾಗಲೇ ಬಂದು ಕೂರಬೇಕಿತ್ತು."