ಕಾರ್ಟೂನ್ ಕ್ಯಾಸೆಟ್ಟಿನ ಮಲತಾಯಿ

ಅಟ್ಟ ಗುಡಿಸುವಾಗ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಸಿಕ್ಕಿತು. ಅದರ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ, ನಂಜನಗೂಡಿನ ಈ ಮನೆಯಲ್ಲಿ ಕಳೆದ ಒಂದು ಭಾನುವಾರ ಕಣ್ಮುಂದೆ ಬಂತು.

ನನ್ನನ್ನು ಹೆತ್ತವಳು ತೀರಿಹೋಗಿ, ಅಪ್ಪ ಹುಲ್ಲಹಳ್ಳಿಯಿಂದ ಚಿಕ್ಕಮ್ಮನನ್ನು ಮದುವೆಯಾಗಿ ಕರೆತಂದ ಹೊಸತು. ನಾನು ಅವಳೊಡನೆ ಮಾತೇ ಆಡುತ್ತಿರಲಿಲ್ಲ. ನನ್ನನ್ನು ನಗಿಸಲೆಂದು ಅಪ್ಪ ಬಾಡಿಗೆಗೆ ವಿಸಿಆರ್ ತಂದು, ತಾವೇ ಕೊಂಡಿದ್ದ ಈ ಕ್ಯಾಸೆಟ್ಟಿನ ಕಾರ್ಟೂನ್ ಸಿನಿಮಾ ಹಾಕಿದರು. ಬೀದಿಯ ಮಕ್ಕಳೆಲ್ಲ ನಡುಮನೆಯಲ್ಲಿ ಸೇರಿದ್ದರು. ನಮಗ್ಯಾರಿಗೂ ಇಂಗ್ಲಿಷ್ ತಿಳಿಯದ್ದರಿಂದ ಅಪ್ಪನೇ ಕಥೆ ಬಿಡಿಸಿ ಹೇಳುತ್ತಿದ್ದರು.

ಪರದೆಯಲ್ಲಿ ಹುಡುಗಿಯೊಬ್ಬಳನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಹೆಂಗಸನ್ನು ತೋರಿಸಿ, "ಇವಳು ಆ ಹುಡುಗಿಯ ಮಲತಾಯಿ" ಎಂದವರೇ ನಾಲಿಗೆ ಕಚ್ಚಿಕೊಂಡರು.

ಪಕ್ಕದ ಮನೆಯ ಹುಡುಗಿ ನನ್ನತ್ತ ತಿರುಗಿ, "ನಿಮ್ಮ ಚಿಕ್ಕಮ್ಮನೂ ಇಂಗೇನಾ?" ಎಂದು ಜೋರಾಗಿ ಕೇಳಿಬಿಟ್ಟಳು. ಬಾಗಿಲ ಬಳಿ ಕೂತಿದ್ದ ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದಳು.

ನನಗೇಕೋ ಕೂರಲಾಗಲಿಲ್ಲ. ಹಿಂದೆಯೇ ಹೋಗಿ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನೂ ಅಂಗೇ ಕಾಣ್ತೀನೇನವ್ವ ನಿಂಗೆ?" ಎಂದಳು.

"ಇಲ್ಲ. ಜಡೆ ಹಾಕೋವಾಗ ಮಾತ್ರ ಜೋರಾಗಿ ಎಳೀತೀಯ, ನೋಯ್ತದೆ" ಎಂದೆ.

ಅಳುತ್ತಿದ್ದವಳು ನಕ್ಕುಬಿಟ್ಟಳು. "ಅಯ್ಯೋ, ಮೊದ್ಲೇ ಯೋಳ್ಬಾರ್ದಾ ಮಗಾ! ಇನ್ಮೇಲೆ ಮೆತ್ತಗೆ ಆಕ್ತೀನಿ ಬಾ."

ಉಳಿದ ಸಿನಿಮಾವನ್ನು ಅವಳ ತೊಡೆಯ ಮೇಲೆ ಕೂತು ನೋಡಿದೆ. ಪರದೆಯ ಮೇಲೆ ಆ ಮಲತಾಯಿ ಬಂದಾಗಲೆಲ್ಲ ನಮ್ಮೆಲ್ಲರಿಗಿಂತ ಮೊದಲು ಚಿಕ್ಕಮ್ಮನೇ ಅವಳನ್ನು ಬೈಯುತ್ತಿದ್ದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಮಾತ್ರ ಸಿನಿಮಾ ಬಿಟ್ಟು ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಅವಳನ್ನು ಚಿಕ್ಕಮ್ಮ ಎಂದು ಕರೆಯುವುದು ಯಾವಾಗ ನಿಂತಿತೋ ನೆನಪಿಲ್ಲ. ಈಗ ಅಟ್ಟದ ಕೆಳಗಿನಿಂದ ಅವ್ವ ಕೂಗುತ್ತಿದ್ದಾಳೆ: "ಮುದ್ದೆ ಆರೋಯ್ತದೆ, ಇಳಿಯವ್ವ."