ಪಕ್ಕದ ಸೀಟಿನ ಮೇಷ್ಟ್ರು

ನಮ್ಮಪ್ಪ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು. ಡಿಪೋದಲ್ಲಿ ಅವರಿಗೆ ಹಾರ್ನಪ್ಪ ಅಂತಲೇ ಹೆಸರು. ಬಸ್ಸಿನ ಹಾರ್ನಿಗಿಂತ ಇವರ ಬಾಯೇ ಜೋರು. ರಿಟೈರಾಗಿ ಎಂಟು ವರ್ಷಕ್ಕೆ ಕಣ್ಣು ಮಂಜಾಯಿತು. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಅಂದರು ಡಾಕ್ಟರು. ಅಪ್ಪ ಡಾಕ್ಟರನ್ನೇ ಬದಲಾಯಿಸಿ, ಮನೆಯ ಕಾರು ಓಡಿಸುತ್ತಲೇ ಇದ್ದರು. ಯಾವುದಾದರೂ ಮಗು ಅಡ್ಡ ಬಂದರೆ ಏನಪ್ಪಾ ಗತಿ ಅಂತ ನಾನು ಎರಡು ವರ್ಷ ಗಂಟಲು ಹರಿದುಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ. "ಕಾರು ಬಿಟ್ರೆ ನಾನ್ಯಾರೇ?" ಅಂದುಬಿಡೋರು.

ಅಷ್ಟರಲ್ಲಿ ಪಕ್ಕದ ಮನೆಗೆ ಬೇರೆ ದೇಶದವರು ಬಾಡಿಗೆಗೆ ಬಂದರು. ಗಂಡ, ಹೆಂಡತಿ, ಅವಳಿ ಹೆಣ್ಣುಮಕ್ಕಳು. ಅಪ್ಪನಿಗೆ ಮೊದಲ ದಿನವೇ ಮೈಯೆಲ್ಲ ಉರಿ. "ಬಾಗಿಲು ಹಾಕೋ ಸದ್ದೇ ಸರಿಯಿಲ್ಲ ಇವರದು" ಅನ್ನೋರು. ಮೂರನೇ ದಿನ ಕಾರು ಹಿಂದಕ್ಕೆ ತೆಗೆಯುವಾಗ ಅವರ ನಾಲ್ಕು ಹೂಕುಂಡ ಪುಡಿಪುಡಿ. ಅಪ್ಪ ಇಳಿದು, "ಕುಂಡ ಇಡೋಕೆ ಬೇರೆ ಜಾಗ ಸಿಗ್ಲಿಲ್ವಾ?" ಅಂತ ಅವರನ್ನೇ ತರಾಟೆಗೆ ತೆಗೆದುಕೊಂಡರು. ಕುಂಡ ಇದ್ದದ್ದು ಅವರದೇ ಮನೆ ಮೆಟ್ಟಿಲ ಮೇಲೆ. ನಾನು ನಾಚಿಕೆಯಿಂದ ಸತ್ತೇ ಹೋದೆ.

ಆ ಹೆಂಗಸು ಜಗಳ ಆಡಲಿಲ್ಲ. ಮಣ್ಣು ಗುಡಿಸಿ, ಆಸೆಯಿಂದ ಕಾರು ನೋಡುತ್ತ ನಿಂತಳು. ಹರಕುಮುರುಕು ಕನ್ನಡದಲ್ಲಿ ಹೇಳಿಕೊಂಡಳು, ತನ್ನ ದೇಶದಲ್ಲಿ ಹತ್ತು ವರ್ಷ ಬಸ್ಸು ಓಡಿಸಿದವಳಂತೆ. ಇಲ್ಲಿನ ಡಿಪೋದಲ್ಲೂ ಕೆಲಸ ಇತ್ತು, ಆದರೆ ಮೂರು ತಿಂಗಳೊಳಗೆ ಇಲ್ಲಿಯ ಲೈಸೆನ್ಸ್ ತರಬೇಕು. ಅವಳ ದೇಶದಲ್ಲಿ ಗಾಡಿ ರಸ್ತೆಯ ಇನ್ನೊಂದು ಬದಿಯಲ್ಲಿ ಓಡುತ್ತೆ. ಡ್ರೈವರ್ ಸೀಟು ಅಂತ ಹೋಗಿ ಪಕ್ಕದ ಬಾಗಿಲು ತೆಗೆಯುತ್ತಿದ್ದಳು ಪಾಪ.

"ಬಸ್ಸಾ?" ಅಪ್ಪನ ದನಿ ಇಳಿಯಿತು. "ಎಷ್ಟು ಸೀಟಿಂದು?"

ಮಾರನೇ ಬೆಳಗ್ಗೆಯಿಂದಲೇ ನಮ್ಮ ಕಾರಲ್ಲಿ ಅವಳಿಗೆ ಅಪ್ಪನ ಪಾಠ. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರು ಕೂರಲೇಬೇಕು, ಅದು ಕಾನೂನು. ಅಪ್ಪ ಆ ಸೀಟಲ್ಲಿ ರಾಜನ ಹಾಗೆ ಕೂತು ಬೈಯೋರು. "ಬೋರ್ಡು ಗಟ್ಟಿಯಾಗಿ ಓದಮ್ಮ, ಭಾಷೆ ಬರುತ್ತೆ" ಅಂತ ದಾರಿಯಲ್ಲಿ ಸಿಕ್ಕ ಬೋರ್ಡನ್ನೆಲ್ಲ ಓದಿಸೋರು. ಅಪ್ಪ ಅಷ್ಟು ಖುಷಿಯಾಗಿ ಬೈದದ್ದನ್ನು ನಾನು ಮತ್ತೆ ಕೇಳಲಿಲ್ಲ.

ವಾರದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಷ್ಟ್ರಿಗೆ ಬೋರ್ಡು ಕಾಣಲ್ಲ ಅಕ್ಕ. ನಾನು ಓದ್ತೀನಿ ಬಿಡಿ. ನನಗೆ ಗೊತ್ತು ಅಂತ ಅವರಿಗೆ ಹೇಳಬೇಡಿ."

ನನಗೆ ಅಳು ಬಂತು. ಹೆತ್ತ ಮಗಳು ಎರಡು ವರ್ಷ ಕಿರುಚಿದ್ದೇ ಬಂತು, ಹೀಗೂ ಮಾಡಬಹುದು ಅಂತ ಹೊಳೆದಿರಲಿಲ್ಲ. ಆಮೇಲೆ ಸಂತೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೊರಟರೂ ಅಪ್ಪ "ಅವಳಿಗೆ ಅಭ್ಯಾಸ ಆಗ್ಲಿ" ಅಂತ ಸ್ಟಿಯರಿಂಗ್ ಅವಳಿಗೇ ಬಿಡತೊಡಗಿದರು. ಆದರೂ ಅವರ ಲೈಸೆನ್ಸ್ ಜೇಬಿನಲ್ಲೇ ಇತ್ತು. ಇವಳು ಪಾಸಾಗಿ ಕೆಲಸಕ್ಕೆ ಹೋದ ಮೇಲೆ ಮತ್ತೆ ಒಬ್ಬರೇ ಹೊರಡುತ್ತಾರೆ ಅಂತ ನನಗೆ ಭಯ.

ಪರೀಕ್ಷೆಯ ದಿನ ಅಪ್ಪ ಮೈದಾನದ ಬೇಲಿ ಹಿಡಿದು ನಿಂತು, "ತಿರುಗಿಸಿದ್ಲಾ? ನಿಲ್ಲಿಸಿದ್ಲಾ?" ಅಂತ ನನ್ನ ಪ್ರಾಣ ತಿಂದರು. ಪಾಸಾದ ಆಕೆ ಓಡಿಬಂದು ಕಾಗದ ಅವರ ಕೈಗಿಟ್ಟಳು. ಅಪ್ಪ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಆಮೇಲೆ ಸೀದಾ ಅಲ್ಲೇ ಆಫೀಸಿನ ಕೌಂಟರಿಗೆ ಹೋಗಿ, ತಮ್ಮ ಲೈಸೆನ್ಸ್ ತೆಗೆದು ಗುಮಾಸ್ತನ ಮುಂದಿಟ್ಟು, "ವಾಪಸ್ ತಗೊಳ್ಳಿ" ಅಂದರು.

ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಏನೇ ನೋಡ್ತೀಯಾ? ಅವಳ ಪಕ್ಕ ಕೂರೋಕೆ ಯಾರಾದ್ರೂ ಬೇಕಿತ್ತಲ್ಲ. ಅದಕ್ಕೇ ಇಷ್ಟು ದಿನ ಇಟ್ಕೊಂಡಿದ್ದೆ."

ಅವಳು ಬಂದು ಮೂರು ತಿಂಗಳೂ ಆಗಿರಲಿಲ್ಲ, ನಾನು ಗಂಟಲು ಹರಿದುಕೊಂಡದ್ದು ಎರಡು ವರ್ಷ. ನಾನು ಹೋಗಿ ಕಾರಿನ ಹಿಂದಿನ ಸೀಟಲ್ಲಿ ಕೂತೆ. ಆಕೆ ಕಾರು ಶುರು ಮಾಡಿದಳು. ಅಪ್ಪ ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕ ಬಂದು ಕೂತು, ಕೈ ಎಲ್ಲಿಡಬೇಕು ಅಂತ ತಿಳಿಯದೆ ನನ್ನ ಕೈ ಹಿಡಿದುಕೊಂಡರು.